ಬಿವಾ ಸುತ್ತಲು ಎರಡು ಭಾನುವಾರ

ಮೇ ತಿಂಗಳ ಮೊದಲ ಭಾನುವಾರ, ಸಂಜೆ ಆರೂಮುಕ್ಕಾಲು. ಜಪಾನಿನ ಅತಿ ದೊಡ್ಡ ಸರೋವರದ ಉತ್ತರ ತುದಿಯ ಒಂದು ಸಣ್ಣ ಸ್ಟೇಷನ್ ಎದುರು ಸೈಕಲ್ ಹಿಡಿದು ನಿಂತಿದ್ದೆ. ಮಂಡಿ ಮಡಚಲು ಆಗುತ್ತಿರಲಿಲ್ಲ. ಮೊಬೈಲ್‌ನಲ್ಲಿ ಶೇ 9ರಷ್ಟು ಚಾರ್ಜ್ ಉಳಿದಿತ್ತು. ಬೆಳಿಗ್ಗೆ ನಾಲ್ಕೂವರೆಗೆ ರೂಮಿನಿಂದ ಹೊರಟಾಗ ‘ರಾತ್ರಿ ಎಂಟರೊಳಗೆ ಇಡೀ ಸರೋವರ ಸುತ್ತಿ ಬರ್ತೀನಿ’ ಎಂದು ವರ್ತೂರಿನಲ್ಲಿದ್ದ ಅಮ್ಮನಿಗೆ ಮೆಸೇಜ್ ಹಾಕಿದ್ದೆ. ಈಗ ಮುಂದೆ ಹೋಗಲು ಕಾಲಿಲ್ಲ, ಹಿಂದೆ ಹೋಗಲು ಬೆಳಕಿಲ್ಲ. ಸೈಕಲ್ಲನ್ನು ರೈಲಿಗೆ ಹಾಕೋಣವೆಂದರೆ ಅಲ್ಲಿ ಬಿಡಿಸಿ ಚೀಲಕ್ಕೆ ತುಂಬದ ಸೈಕಲ್‌ಗೆ ಪ್ರವೇಶವಿಲ್ಲ. ನನ್ನ ಹತ್ತಿರ ಚೀಲವೂ ಇರಲಿಲ್ಲ, ಬಿಡಿಸುವ ವಿದ್ಯೆಯೂ ಗೊತ್ತಿರಲಿಲ್ಲ.

ಆ ವಾರ ನನಗೆ ಒಂದಾದರೂ ಕೆಲಸ ಪೂರ್ತಿ ಮಾಡಿದೆ ಅನ್ನಿಸಬೇಕಿತ್ತು. ಅದಕ್ಕೇ ಸೈಕಲ್ ಹತ್ತಿದ್ದೆ. ಎಂಜಿನಿಯರಿಂಗ್ ಮುಗಿಸಿ, ಜಪಾನಿ ಭಾಷೆಯ ಎನ್‌3 ಹಂತ ದಾಟಿ, ಒಂದು ವರ್ಷದ ಒಪ್ಪಂದದ ಮೇಲೆ ಟ್ರೇನಿಯಾಗಿ ಶಿಗಾ ಪ್ರಾಂತ್ಯದ ಕುಸಾತ್ಸು ಎಂಬ ಊರಿಗೆ ಬಂದಿದ್ದೆ. ಕೆಲಸ ಮುಂದುವರಿಯಬೇಕಾದರೆ ಜೆಎಲ್‌ಪಿಟಿ ಪರೀಕ್ಷೆಯ ಎನ್‌2 ಪಾಸಾಗಬೇಕು ಎಂಬುದು ಷರತ್ತು. ಡಿಸೆಂಬರ್‌ನಲ್ಲಿ ಬರೆದದ್ದು ಫೇಲ್. ಜುಲೈ ಪರೀಕ್ಷೆಯೇ ಕೊನೆಯ ಅವಕಾಶ. ವಾರವಿಡೀ ಕಾರ್ಖಾನೆ, ರಾತ್ರಿ ಕಾಂಜಿ ಅಕ್ಷರಗಳು. ಭಾನುವಾರ ರೂಮಿನಲ್ಲಿ ಕೂತರೆ ಗೋಡೆಗೆ ಅಂಟಿಸಿದ ಅದೇ ಅಕ್ಷರಗಳು ಮೈಮೇಲೆ ಬಂದಂತಾಗುತ್ತಿತ್ತು. ಹಾಗಾಗಿ ಭಾನುವಾರವನ್ನು ಬಿವಾ ಸರೋವರಕ್ಕೆ ಬರೆದುಕೊಟ್ಟಿದ್ದೆ.

ಜಪಾನ್ ಎಂದರೆ ನಮ್ಮವರಿಗೆ ಟೋಕಿಯೊ, ಬುಲೆಟ್ ರೈಲು, ಫ್ಯೂಜಿ ಬೆಟ್ಟ. ಓದಲಿಕ್ಕೋ ಕೆಲಸಕ್ಕೋ ಅಲ್ಲಿಗೆ ಹೋಗುವ ಕನಸಿರುವವರಿಗೆ ಈ ಸರೋವರದ ಬಗ್ಗೆಯೂ ಹೇಳಬೇಕು. ಕಡಿಮೆ ದುಡ್ಡಿನಲ್ಲಿ ಇಷ್ಟು ಬಗೆಯ ಒಂದು ದಿನದ ಪ್ರವಾಸಗಳನ್ನು ಕೊಡುವ ಜಾಗವನ್ನು ನಾನು ಬೇರೆ ನೋಡಿಲ್ಲ.

ಸರೋವರ ಎಷ್ಟು ದೊಡ್ಡದು?

ಬಿವಾ ಸರೋವರದ ವಿಸ್ತೀರ್ಣ ಸುಮಾರು 670 ಚದರ ಕಿಲೋಮೀಟರ್. ಹೆಚ್ಚುಕಡಿಮೆ ನಮ್ಮ ಬೆಂಗಳೂರು ನಗರದಷ್ಟು. ಶಿಗಾ ಪ್ರಾಂತ್ಯದ ಆರನೇ ಒಂದು ಭಾಗ ನೀರೇ. ಉತ್ತರದಿಂದ ದಕ್ಷಿಣಕ್ಕೆ 60 ಕಿ.ಮೀ.ಗೂ ಹೆಚ್ಚು ಉದ್ದ, ಅತಿ ಆಳದ ಜಾಗದಲ್ಲಿ ನೂರು ಮೀಟರ್ ದಾಟುತ್ತದೆ. ಸುತ್ತಲಿನ ಬೆಟ್ಟಗಳಿಂದ ನೂರಕ್ಕೂ ಹೆಚ್ಚು ನದಿ, ತೊರೆಗಳು ಬಂದು ಸೇರುತ್ತವೆ. ಆದರೆ ಸಹಜವಾಗಿ ಹೊರಗೆ ಹರಿಯುವುದು ಸೇತಾ ಒಂದೇ. ಅದೇ ನದಿ ಮುಂದೆ ಉಜಿ ಎಂದೂ, ಒಸಾಕಾ ಹೊತ್ತಿಗೆ ಯೋಡೊ ಎಂದೂ ಹೆಸರು ಬದಲಿಸಿಕೊಂಡು ಸಮುದ್ರ ಸೇರುತ್ತದೆ. ಕ್ಯೋಟೊ, ಒಸಾಕಾ, ಕೋಬೆ ಭಾಗದ ಸುಮಾರು 1.4 ಕೋಟಿ ಜನರ ನಲ್ಲಿಗೆ ಬರುವುದು ಈ ನೀರು.

ಇದರ ಇತಿಹಾಸ ಸುಮಾರು 40 ಲಕ್ಷ ವರ್ಷಗಳದ್ದು. ಜಗತ್ತಿನ ಕೆಲವೇ ‘ಪುರಾತನ ಸರೋವರ’ಗಳಲ್ಲಿ ಇದೂ ಒಂದು. ಬೇರೆಲ್ಲೂ ಸಿಗದ 60ಕ್ಕೂ ಹೆಚ್ಚು ಬಗೆಯ ಜೀವಿಗಳು ಇಲ್ಲಿವೆ. ಮೊದಲ ಸಲ ದಡಕ್ಕೆ ಹೋದ ದಿನ ಆಚೆ ದಡ ಮಂಜಿನಲ್ಲಿ ಕಾಣಲಿಲ್ಲ. ಸಣ್ಣ ಅಲೆಗಳು ಮರಳಿಗೆ ಬಡಿಯುತ್ತಿದ್ದವು. ಸಮುದ್ರವೇ ಎಂದುಕೊಂಡು ಬಗ್ಗಿ ಒಂದು ಬೊಗಸೆ ನೀರನ್ನು ನಾಲಿಗೆಗೆ ತಾಕಿಸಿ ನೋಡಿದೆ. ಸಿಹಿ ನೀರು!

ಒಂದು ಸ್ಟೇಷನ್ ಟಿಕೆಟ್, ಇಡೀ ದಿನದ ರೈಲು

ದುಡ್ಡಿಲ್ಲದ ತಿಂಗಳ ಕೊನೆಗೆ ನಾನು ಮಾಡುತ್ತಿದ್ದ ಪ್ರವಾಸ ಇದು. ಸರೋವರದ ಪೂರ್ವಕ್ಕೆ ಒಂದು ರೈಲುಮಾರ್ಗ, ಪಶ್ಚಿಮಕ್ಕೆ ಕೊಸೇಯಿ ಮಾರ್ಗ. ಎರಡೂ ಉತ್ತರದಲ್ಲಿ ಓಮಿ–ಶಿಯೊತ್ಸು ಎಂಬಲ್ಲಿ ಕೂಡುತ್ತವೆ. ಒಸಾಕಾ ಸುತ್ತಲಿನ ರೈಲ್ವೆ ವಲಯದಲ್ಲಿ ಒಂದು ವಿಚಿತ್ರ ನಿಯಮವಿದೆ. ನೀವು ಯಾವ ದಾರಿಯಲ್ಲಿ ಬೇಕಾದರೂ ಸುತ್ತಿ ಹೋಗಬಹುದು, ದರ ಮಾತ್ರ ಹತ್ತಿರದ ದಾರಿಯದ್ದು. ಷರತ್ತು ಮೂರು. ನಡುವೆ ಸ್ಟೇಷನ್‌ನಿಂದ ಹೊರಬೀಳಬಾರದು, ಒಂದೇ ಹಳಿಯ ಮೇಲೆ ಎರಡು ಸಲ ಹೋಗಬಾರದು, ಅದೇ ದಿನ ಮುಗಿಸಬೇಕು.

ಕುಸಾತ್ಸುವಿನಿಂದ ಪಕ್ಕದ ಮಿನಾಮಿ–ಕುಸಾತ್ಸುವಿಗೆ ನೂರೈವತ್ತು ಯೆನ್ ಆಸುಪಾಸಿನ ಟಿಕೆಟ್ ಕೊಂಡು, ಎದುರು ದಿಕ್ಕಿನ ರೈಲು ಹತ್ತುತ್ತಿದ್ದೆ. ಮೈಬಾರಾ, ನಾಗಹಾಮಾ, ಓಮಿ–ಶಿಯೊತ್ಸು, ಕೊಸೇಯಿ ಮಾರ್ಗ, ಯಾಮಾಶಿನಾ, ಒತ್ಸು. ಹೀಗೆ ನೂರೈವತ್ತಕ್ಕೂ ಹೆಚ್ಚು ಕಿಲೋಮೀಟರ್ ಸುತ್ತಿ ಮಧ್ಯಾಹ್ನ ಪಕ್ಕದ ಸ್ಟೇಷನ್‌ನಲ್ಲಿ ಇಳಿಯುವುದು. ನೂರು ರೂಪಾಯಿಗೆ ಇಡೀ ಸರೋವರದ ಪ್ರದಕ್ಷಿಣೆ! ಉತ್ತರದಲ್ಲಿ ರೈಲು ತಾಸಿಗೊಂದರಂತೆ ಇರುವುದರಿಂದ ಡಬ್ಬಿಯ ಚಿತ್ರಾನ್ನ ಅಲ್ಲೇ ಪ್ಲಾಟ್‌ಫಾರಂ ಬೆಂಚಿನ ಮೇಲೆ ಖಾಲಿಯಾಗುತ್ತಿತ್ತು. ಕೊಸೇಯಿ ಮಾರ್ಗ ಎತ್ತರದ ಕಟ್ಟೆಯ ಮೇಲೆ ಸಾಗುತ್ತದೆ. ಕಿಟಕಿಯ ಒಂದು ಬದಿಗೆ ನೀರು, ಇನ್ನೊಂದು ಬದಿಗೆ ಹಿರಾ ಬೆಟ್ಟಸಾಲು. ಆ ಬೆಟ್ಟದಿಂದ ಬೀಸಿ ಇಳಿಯುವ ಗಾಳಿಗೆ ‘ಹಿರಾ ಒರೊಶಿ’ ಎಂದು ಹೆಸರು. ಅದು ಜೋರಾದ ದಿನ ಆ ಮಾರ್ಗದ ರೈಲುಗಳೇ ನಿಲ್ಲುತ್ತವೆ. ಹೊರಡುವ ಮೊದಲು ಗಾಳಿಯ ಸುದ್ದಿ ನೋಡಿಕೊಳ್ಳುವುದು ಅಲ್ಲಿನವರ ಅಭ್ಯಾಸ.

ದ್ವೀಪದಲ್ಲಿ ನಮ್ಮ ಸರಸ್ವತಿ

ನಾಗಹಾಮಾದಿಂದ ದೋಣಿಯಲ್ಲಿ ಅರ್ಧ ಗಂಟೆ ಹೋದರೆ ಚಿಕುಬು ದ್ವೀಪ. ಸುತ್ತಳತೆ ಎರಡು ಕಿ.ಮೀ. ಮಾತ್ರ. ದಡದಿಂದಲೇ ಕಡಿದಾದ ಕಲ್ಲಿನ ಮೆಟ್ಟಿಲು ಮೇಲೇರುತ್ತವೆ. ಏದುಸಿರು ಬಿಡುತ್ತಾ ಮೇಲೆ ಹೋದರೆ ಹೋಗೊನ್‌ಜಿ ದೇವಾಲಯ. ಅಲ್ಲಿರುವ ದೇವತೆ ಬೆಂಜೈತೆನ್. ಭಾರತದಿಂದ ಬೌದ್ಧಧರ್ಮದ ಜೊತೆ ಚೀನಾ ದಾಟಿ ಜಪಾನಿಗೆ ಹೋದ ನಮ್ಮ ಸರಸ್ವತಿಯೇ ಅವಳು. ನೀರು, ವಿದ್ಯೆ, ಸಂಗೀತದ ಒಡತಿ. ಕೈಯಲ್ಲಿ ವೀಣೆಯ ಬದಲು ‘ಬಿವಾ’ ಎಂಬ ತಂತಿವಾದ್ಯ. ಆ ವಾದ್ಯದ ಆಕಾರವನ್ನೇ ಹೋಲುವುದರಿಂದ ಸರೋವರಕ್ಕೆ ಈ ಹೆಸರು ಎನ್ನುತ್ತಾರೆ.

ಅಲ್ಲೇ ನೀರಿನ ಮೇಲೆ ಚಾಚಿದ ಒಂದು ಕಟ್ಟೆಯಿಂದ ಕೆಳಗಿನ ತೋರಿ ಕಮಾನಿನತ್ತ ಮಣ್ಣಿನ ಪುಟ್ಟ ತಟ್ಟೆ ಎಸೆಯುವ ಪದ್ಧತಿ ಇದೆ. ಒಂದು ತಟ್ಟೆಯ ಮೇಲೆ ಹೆಸರು, ಇನ್ನೊಂದರ ಮೇಲೆ ಬೇಡಿಕೆ ಬರೆಯಬೇಕು. ಕಮಾನಿನೊಳಗೆ ಹಾದುಹೋದರೆ ಬೇಡಿಕೆ ಈಡೇರುತ್ತದಂತೆ. ನಾನು ಹೆಸರನ್ನು ಕನ್ನಡದಲ್ಲೇ ಬರೆದೆ. ಎಷ್ಟಾದರೂ ಅವಳು ನಮ್ಮ ಕಡೆಯವಳು, ಓದಿಕೊಳ್ಳುತ್ತಾಳೆ ಎಂಬ ಧೈರ್ಯ. ಇನ್ನೊಂದರ ಮೇಲೆ ‘ಎನ್‌2’. ಶಾಲೆಯಲ್ಲಿ ಥ್ರೋಬಾಲ್ ಆಡಿದ ಕೈ. ಎರಡೂ ತಟ್ಟೆ ಕಮಾನಿನ ಎಡಕ್ಕೆ ಮೂರು ಮಾರು ದೂರದಲ್ಲಿ ಬಿದ್ದು ಒಡೆದವು. ಪಕ್ಕದಲ್ಲಿದ್ದ ಕಾಲೇಜು ಹುಡುಗಿಯರು ‘ಅಯ್ಯೋ’ ಎನ್ನುವಂಥ ದನಿ ತೆಗೆದರು. ಅವರ ತಟ್ಟೆಗಳೂ ಬೇರೆಡೆಗೇ ಹೋದಾಗ ನನಗೆ ಸ್ವಲ್ಪ ಸಮಾಧಾನವಾಯಿತು.

ಇಪ್ಪತ್ಮೂರರ ಎಂಜಿನಿಯರ್

ಕೆಲಸ ಹುಡುಕುತ್ತಿರುವ ಎಂಜಿನಿಯರಿಂಗ್ ಗೆಳೆಯರು ಒಮ್ಮೆ ನಡೆಯಲೇಬೇಕಾದ ದಾರಿ ಒತ್ಸುವಿನಿಂದ ಕ್ಯೋಟೊಗೆ ಹೋಗುವ ಕಾಲುವೆ ದಾರಿ. 1869ರಲ್ಲಿ ರಾಜಧಾನಿ ಟೋಕಿಯೊಗೆ ಹೋದ ಮೇಲೆ ಕ್ಯೋಟೊ ಸೊರಗತೊಡಗಿತ್ತು. ಬೆಟ್ಟ ಕೊರೆದು ಬಿವಾ ನೀರನ್ನು ತಂದರೆ ಊರು ಮತ್ತೆ ಚೇತರಿಸಿಕೊಳ್ಳುತ್ತದೆ ಎಂದು ಅಲ್ಲಿನ ಗವರ್ನರ್ ಕಿತಾಗಾಕಿ ಯೋಚಿಸಿದರು. ಅದೇ ಹೊತ್ತಿಗೆ ತನಾಬೆ ಸಾಕುರೊ ಎಂಬ ವಿದ್ಯಾರ್ಥಿ ಈ ಕಾಲುವೆಯನ್ನೇ ವಿಷಯವಾಗಿಟ್ಟುಕೊಂಡು ಪ್ರಬಂಧ ಬರೆದಿದ್ದ. ಬಲಗೈಗೆ ಪೆಟ್ಟಾಗಿದ್ದರಿಂದ ಎಡಗೈಯಲ್ಲೇ ಬರೆದು ಮುಗಿಸಿದ ಎನ್ನುತ್ತಾರೆ. 1883ರಲ್ಲಿ ಓದು ಮುಗಿಯಿತು. 1885ರಲ್ಲಿ ಕೆಲಸ ಶುರುವಾದಾಗ ಅದರ ಎಂಜಿನಿಯರ್ ಆಗಿದ್ದ ತನಾಬೆಗೆ 23 ವರ್ಷ!

ಮೊದಲ ಸುರಂಗವೇ 2,436 ಮೀಟರ್. ಆಗ ಜಪಾನಿನಲ್ಲೇ ಉದ್ದದ್ದು. 1890ರಲ್ಲಿ ಕಾಲುವೆ ಪೂರ್ತಿಯಾಯಿತು. ಕೆಲಸ ನಡೆಯುತ್ತಿರುವಾಗಲೇ ತನಾಬೆ ಅಮೆರಿಕಕ್ಕೆ ಹೋಗಿ ಜಲವಿದ್ಯುತ್ ನೋಡಿಕೊಂಡು ಬಂದು, ಮೂಲ ಯೋಜನೆಯನ್ನೇ ಬದಲಿಸಿದರು. 1891ರಲ್ಲಿ ಕೇಯಾಗೆಯಲ್ಲಿ ವಿದ್ಯುತ್ ಹುಟ್ಟಿತು. 1895ರಲ್ಲಿ ಕ್ಯೋಟೊ ಬೀದಿಗಳಲ್ಲಿ ಜಪಾನಿನ ಮೊದಲ ವಿದ್ಯುತ್ ಟ್ರಾಮ್ ಓಡಿತು. ನಮ್ಮ ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿಗೆ ಹೋದದ್ದು 1902ರಲ್ಲಿ ಎಂಬುದನ್ನು ನೆನೆದರೆ ಇದು ಎಂಥ ಕಾಲದ ಮಾತು ಎಂದು ಅಂದಾಜಾಗುತ್ತದೆ.

ಕೇಯಾಗೆಯಲ್ಲಿ ಇಳಿಜಾರಿನ ಹಳೆಯ ಹಳಿಗಳು ಇಂದಿಗೂ ಇವೆ. ಎತ್ತರ ವ್ಯತ್ಯಾಸವಿದ್ದ ಜಾಗದಲ್ಲಿ ದೋಣಿಗಳನ್ನು ಗಾಡಿಯ ಮೇಲಿಟ್ಟು ಈ ಹಳಿಗಳ ಮೇಲೆ ಎಳೆಯುತ್ತಿದ್ದರು. ಈಗ ಅಲ್ಲಿ ಚೆರ್ರಿ ಹೂವಿನ ಕಾಲದಲ್ಲಿ ಫೋಟೊ ತೆಗೆಸಿಕೊಳ್ಳುವವರ ಜಾತ್ರೆ. ಹತ್ತಿರದ ನಾನ್‌ಜೆನ್‌ಜಿ ದೇವಾಲಯದ ಅಂಗಳದಲ್ಲೇ ಇಟ್ಟಿಗೆಯ ಕಮಾನುಗಳ ಮೇಲೆ ಈ ನೀರು ಹರಿದುಹೋಗುತ್ತದೆ. ಹೆಚ್ಚಿನವರು ಕಮಾನಿನ ಫೋಟೊ ತೆಗೆದು ಹೊರಟುಬಿಡುತ್ತಾರೆ. ಪಕ್ಕದ ದಾರಿ ಹತ್ತಿ ಮೇಲಿನ ನೀರನ್ನೂ ನೋಡಿ.

ಮಾಮಾಚಾರಿಯ ಮೇಲೆ ಸವಾರಿ

ಇನ್ನು ಸೈಕಲ್. ಸರೋವರವನ್ನು ಒಂದು ಸುತ್ತು ಹಾಕುವುದಕ್ಕೆ ಅಲ್ಲಿ ‘ಬಿವಾಇಚಿ’ ಎನ್ನುತ್ತಾರೆ. ಪೂರ್ತಿ ಸುತ್ತು ಸುಮಾರು 200 ಕಿ.ಮೀ. ಬಿವಾ ಸೇತುವೆಯಿಂದ ಉತ್ತರ ಭಾಗ ಮಾತ್ರ ಸುತ್ತಿದರೆ 150. 2019ರಲ್ಲಿ ಸರ್ಕಾರ ಇದನ್ನು ರಾಷ್ಟ್ರೀಯ ಸೈಕಲ್ ಮಾರ್ಗವೆಂದು ಘೋಷಿಸಿದೆ. ರಸ್ತೆಯಂಚಿಗೆ ನೀಲಿ ಬಾಣದ ಗುರುತುಗಳಿವೆ. ಅಲ್ಲೂ ನಮ್ಮಂತೆ ವಾಹನಗಳು ಎಡಕ್ಕೆ ಓಡುವುದರಿಂದ ಗಡಿಯಾರದ ವಿರುದ್ಧ ದಿಕ್ಕಿನಲ್ಲಿ ಹೋದರೆ ಸರೋವರ ಸದಾ ಪಕ್ಕದಲ್ಲೇ ಇರುತ್ತದೆ, ನಡುವೆ ರಸ್ತೆ ದಾಟುವ ತಾಪತ್ರಯ ಕಡಿಮೆ. ಹೆಚ್ಚಿನವರು ಬಾಡಿಗೆಗೆ ಒಳ್ಳೆಯ ರೋಡ್ ಬೈಕ್ ತೆಗೆದುಕೊಂಡು ಎರಡು ದಿನದಲ್ಲಿ ಮುಗಿಸುತ್ತಾರೆ.

ನಾನು ಹೊರಟದ್ದು ಮಾಮಾಚಾರಿಯಲ್ಲಿ. ಈ ಹೆಸರು ಮೊದಲು ಕೇಳಿದಾಗ ನಮ್ಮ ಬೀದಿಯ ಬಡಗಿ ಆಚಾರಿ ಮಾಮ ಕಣ್ಣಮುಂದೆ ಬಂದಿದ್ದರು. ‘ಅಮ್ಮಂದಿರ ಸೈಕಲ್’ ಎಂಬುದು ಅದರ ಅರ್ಥ. ಮುಂದೆ ಬುಟ್ಟಿ, ಹಿಂದೆ ಕ್ಯಾರಿಯರ್, ತರಕಾರಿ ತರಲು, ಮಗುವನ್ನು ಶಾಲೆಗೆ ಬಿಡಲು ಹೇಳಿಮಾಡಿಸಿದ ಗಾಡಿ. ನನ್ನದಕ್ಕೆ ಮೂರು ಗೇರ್. ‘ಇದರಲ್ಲಾ?’ ಎಂದು ಜೊತೆಗೆ ಕೆಲಸ ಮಾಡುವವರು ಕೇಳಿದ್ದರು. ‘ಒಬ್ಬಳೇನಾ?’ ಎಂದು ಅಮ್ಮ ಕೇಳಿದ್ದಳು. ಇಬ್ಬರಿಗೂ ‘ಹೂಂ’ ಎಂದಿದ್ದೆ.

ಹತ್ತು ಗಂಟೆಯವರೆಗೂ ನಾನೇ ರಾಣಿ. ಬಲಕ್ಕೆ ಆಗಷ್ಟೇ ನೀರು ಕಟ್ಟಿದ ಭತ್ತದ ಗದ್ದೆ, ಎಡಕ್ಕೆ ಸರೋವರ, ದಡದಲ್ಲಿ ಗಾಳ ಹಾಕಿ ಕೂತ ಅಜ್ಜಂದಿರು. ಅಲ್ಲಲ್ಲಿ ದಡದಲ್ಲಿ ಕಸದ ಡಬ್ಬಿಯಂಥ ಪೆಟ್ಟಿಗೆಗಳು. ಬ್ಲ್ಯಾಕ್‌ಬಾಸ್, ಬ್ಲೂಗಿಲ್ ಎಂಬ ವಿದೇಶಿ ಮೀನು ಗಾಳಕ್ಕೆ ಬಿದ್ದರೆ ಮತ್ತೆ ನೀರಿಗೆ ಬಿಡುವಂತಿಲ್ಲ, ಆ ಪೆಟ್ಟಿಗೆಗೆ ಹಾಕಬೇಕು. 2003ರಿಂದ ಅಲ್ಲಿ ಇದೇ ಕಾನೂನು. ಇವು ಸ್ಥಳೀಯ ಮೀನುಗಳ ಮೊಟ್ಟೆ, ಮರಿಗಳನ್ನು ತಿಂದು ಮುಗಿಸುತ್ತಿವೆ. ಬ್ಲೂಗಿಲ್ ಜಪಾನಿಗೆ ಬಂದದ್ದು 1960ರಲ್ಲಿ, ಆಗ ಯುವರಾಜರಾಗಿದ್ದ ಅಕಿಹಿತೊ ಅವರಿಗೆ ಷಿಕಾಗೊ ಮೇಯರ್ ಕೊಟ್ಟ ಉಡುಗೊರೆಯಾಗಿ. ಚಕ್ರವರ್ತಿಯಾದ ಮೇಲೆ 2007ರಲ್ಲಿ ಇದೇ ಒತ್ಸುವಿಗೆ ಬಂದಾಗ ಅವರು ಅದಕ್ಕಾಗಿ ಬಹಿರಂಗವಾಗಿ ನೋವು ತೋಡಿಕೊಂಡರು. ಒಂದು ದೇಶದ ಚಕ್ರವರ್ತಿ ಮೀನಿನ ವಿಷಯಕ್ಕೆ ‘ನನ್ನಿಂದಾಯಿತು’ ಎಂದು ಒಪ್ಪಿಕೊಂಡದ್ದನ್ನು ಓದಿ ನನಗೆ ಆಶ್ಚರ್ಯವಾಗಿತ್ತು.

ನಾನು ಎಡವಿದ್ದು ಹಿಕೊನೆಯಲ್ಲಿ. ಅಲ್ಲಿನ ಕೋಟೆ ಮೂಲ ರೂಪದಲ್ಲೇ ಉಳಿದ ಕೆಲವೇ ಕೋಟೆಗಳಲ್ಲಿ ಒಂದು. ‘ಇಷ್ಟು ಬೇಗ ಬಂದಿದ್ದೇನಲ್ಲ’ ಎಂಬ ಹುಮ್ಮಸ್ಸಿನಲ್ಲಿ ಹತ್ತಿ ಇಳಿದೆ. ಎರಡು ತಾಸು ಹೋಯಿತು, ಮಂಡಿಯೂ ಹೋಯಿತು. ನಾಗಹಾಮಾ ತಲುಪುವಾಗ ಒಂದೂವರೆ. ಅಲ್ಲಿಂದ ಎದುರುಗಾಳಿ. ಕಿನೊಮೊತೊ ದಾಟಿದ ಮೇಲೆ ಏರು. ಮೂರು ಗೇರಿನ ಸೈಕಲ್ಲನ್ನು ನಾನು ತಳ್ಳಿಕೊಂಡು ಹೋದೆ. ರೋಡ್ ಬೈಕ್‌ನವರು ‘ಗಾಂಬಾತ್ತೆ’ ಎಂದು ಹುರಿದುಂಬಿಸುತ್ತಾ ಮುಂದೆ ಹೋಗುತ್ತಿದ್ದರು. ಕೊನೆಗೆ ಆ ಸಣ್ಣ ಸ್ಟೇಷನ್. ಹೆಸರು ನಾಗಹರ. ಕಾಂಜಿಯಲ್ಲಿ ಕಷ್ಟಪಟ್ಟು ಓದಿದ ಮೇಲೆ ನಮ್ಮ ನಾಗವಾರದ ನೆನಪಾಗಿ ಅಳು, ನಗು ಎರಡೂ ಬಂದವು.

ಪಕ್ಕದ ತರಕಾರಿ ಹೊಲದಲ್ಲಿದ್ದ ಅಜ್ಜಿಯೊಬ್ಬರು ನನ್ನನ್ನು ನೋಡುತ್ತಲೇ ಇದ್ದರು. ಹತ್ತಿರ ಬಂದು ಎಲ್ಲಿಂದ ಎಂದು ಕೇಳಿದರು. ಕುಸಾತ್ಸು ಎಂದೆ. ಸೈಕಲ್ ನೋಡಿ ‘ಇದರಲ್ಲಾ?’ ಎಂದರು. ನನಗೆ ಗೊತ್ತಿದ್ದ ಜಪಾನಿಯೆಲ್ಲ ಆ ಹೊತ್ತಿಗೆ ಮರೆತಿತ್ತು. ಮಂಡಿ ತೋರಿಸಿದೆ. ಅವರು ಸೈಕಲ್ ನಿಲ್ಲಿಸುವ ಜಾಗ ತೋರಿಸಿ, ಚಾವಣಿಯ ಕೆಳಗೇ ನಿಲ್ಲಿಸಲು ಹೇಳಿದರು. ವಾರದಲ್ಲಿ ಮಳೆ ಇದೆಯಂತೆ. ಕೈಚೀಲದಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದು ಸೀಟಿಗೆ ಕಟ್ಟಿದರು. ‘ಮುಂದಿನ ಭಾನುವಾರ ಬಂದು ತಗೊಂಡು ಹೋಗು’ ಎಂದರು. ಅದರಲ್ಲೇನೂ ದೊಡ್ಡ ವಿಷಯವಿಲ್ಲ ಎಂಬಂತಿತ್ತು ಆ ಮಾತು. ಬೆಳಿಗ್ಗೆಯಿಂದ ಒಂದೇ ದಿನದಲ್ಲಿ ಮುಗಿಸಬೇಕೆಂದು ಒದ್ದಾಡಿದವಳಿಗೆ, ಹಾಗೆ ಯಾರೂ ಹೇಳಿರಲಿಲ್ಲ ಎಂಬುದು ಆಗ ಹೊಳೆಯಿತು. ‘ಅರ್ಧ ಆಯ್ತು, ರೈಲಲ್ಲಿ ಬರ್ತಿದೀನಿ’ ಎಂದು ಅಮ್ಮನಿಗೆ ಮೆಸೇಜ್ ಹಾಕಿದ ಮೇಲೆ ಮೊಬೈಲ್ ಆಫ್ ಆಯಿತು.

ಉಳಿದರ್ಧ

ಮುಂದಿನ ಭಾನುವಾರ ಮೊದಲ ರೈಲಿಗೆ ಹೋದೆ. ಸೈಕಲ್ ಇಟ್ಟಲ್ಲೇ ಇತ್ತು, ಕವರ್ ಕೂಡ. ಅಜ್ಜಿ ಹೊಲದಲ್ಲಿ ಇರಲಿಲ್ಲ. ತಂದಿದ್ದ ಬಿಸ್ಕತ್ ಪೊಟ್ಟಣವನ್ನು ಹೊಲದಂಚಿನ ಬುಟ್ಟಿಯಲ್ಲಿಟ್ಟು, ಗೊತ್ತಿದ್ದಷ್ಟು ಅಕ್ಷರದಲ್ಲಿ ‘ಧನ್ಯವಾದ, ಸೈಕಲ್ ಹುಡುಗಿ’ ಎಂದು ಬರೆದೆ.

ನನ್ನ ಪಾಲಿಗೆ ಆ ಉಳಿದರ್ಧವೇ ಚೆಂದ. ಕೈಜು–ಒಸಾಕಿಯ ದಡದಲ್ಲಿ ನಾಲ್ಕು ಕಿ.ಮೀ. ಉದ್ದಕ್ಕೂ ಚೆರ್ರಿ ಮರಗಳು. ಏಪ್ರಿಲ್ ನಡುವಿಗೆ ಹೂ ಮುಗಿದು ಈಗ ಹಸಿರು ಚಪ್ಪರ. ನೀರಿನ ಮೇಲೆ ದೂರದಲ್ಲಿ ನನ್ನ ತಟ್ಟೆ ಒಡೆದ ಚಿಕುಬು ದ್ವೀಪ. ಮಾಕಿನೊದಲ್ಲಿ ಸುಮಾರು 500 ಮೆಟಾಸಿಕೋಯಾ ಮರಗಳು ಎರಡೂ ಕಡೆ ಸಾಲಾಗಿ ನಿಂತ 2.4 ಕಿ.ಮೀ. ನೇರ ರಸ್ತೆ. ಇಮಾಜುವಿನಲ್ಲಿ ಒಂದು ಹಾಡಿನ ನೆನಪಿಗೆ ಪುಟ್ಟ ಸಂಗ್ರಹಾಲಯವೇ ಇದೆ. 1917ರಲ್ಲಿ ಕ್ಯೋಟೊದ ವಿದ್ಯಾರ್ಥಿಗಳ ದೋಣಿ ತಂಡ ಹುಟ್ಟು ಹಾಕುತ್ತಾ ಸರೋವರ ಸುತ್ತಲು ಬಂದಿತ್ತು. ಆ ತಂಡದ ಒಗುಚಿ ತಾರೊ ಬರೆದ ಹಾಡು ಇಮಾಜುವಿನ ರಾತ್ರಿಯಲ್ಲಿ ಮೊದಲು ಕೇಳಿಬಂತು. ‘ಬಿವಾಕೊ ಶೂಕೊ ನೊ ಉತಾ’ ಎಂಬ ಅದು ಇಂದಿಗೂ ಅಲ್ಲಿನವರೆಲ್ಲರ ಬಾಯಲ್ಲಿದೆ. ಒಗುಚಿ ಇಪ್ಪತ್ತಾರಕ್ಕೇ ತೀರಿಕೊಂಡ. ಪರೀಕ್ಷೆ ನಡುವೆ ಸರೋವರ ಸುತ್ತಲು ಹೊರಟ ಮೊದಲ ಹುಚ್ಚಿ ನಾನೇನಲ್ಲ ಎಂದು ಖುಷಿಯಾಯಿತು.

ಹಾರಿಯೆ ಎಂಬ ಹಳ್ಳಿಯಲ್ಲಿ ಇಳಿದೆ. ಅಲ್ಲಿ ಮನೆಮನೆಯಲ್ಲಿ ನೆಲದಿಂದ ಬುಗ್ಗೆಯ ನೀರು ಉಕ್ಕುತ್ತದೆ. ಅದನ್ನು ಅಡುಗೆಗೆ, ತರಕಾರಿ ತೊಳೆಯಲು ಬಳಸುವ ಜಾಗಕ್ಕೆ ‘ಕಬಾತಾ’ ಎಂದು ಹೆಸರು. ಕೊನೆಯ ತೊಟ್ಟಿಯಲ್ಲಿ ಕಾರ್ಪ್ ಮೀನುಗಳು. ಅನ್ನದ ಪಾತ್ರೆ ಅದರಲ್ಲಿಟ್ಟರೆ ಮೀನುಗಳೇ ಅಗುಳು ತಿಂದು ಚೊಕ್ಕ ಮಾಡುತ್ತವೆ. ಆ ನೀರು ಹೊರಗಿನ ತೋಡು ಸೇರಿ, ತೋಡು ಸರೋವರ ಸೇರುತ್ತದೆ. ತಾನು ತೊಳೆದ ನೀರು ಕೆಳಗಿನ ಮನೆಯವರಿಗೂ ಹೋಗುತ್ತದೆ ಎಂಬ ಎಚ್ಚರ ಎಲ್ಲರಿಗೂ ಇದೆ. ಜನ ವಾಸಿಸುವ ಮನೆಗಳಾದ್ದರಿಂದ ಊರಿನವರೇ ನಡೆಸುವ ಮಾರ್ಗದರ್ಶಿ ಪ್ರವಾಸದಲ್ಲಿ ಮಾತ್ರ ಒಳಗೆ ನೋಡಬಹುದು.

ಮುಂದೆ ಶಿರಾಹಿಗೆ ದೇಗುಲ. ಅದರ ಕೆಂಪು ಕಮಾನು ನೀರಿನೊಳಗೆ ನಿಂತಿದೆ. ಓಮಿ–ಮೈಕೊದಲ್ಲಿ ಬಿಳಿ ಮರಳಿನ ದಡ. ಜುಲೈ, ಆಗಸ್ಟ್‌ನಲ್ಲಿ ಈಜುವವರ, ಹಲಗೆಯ ಮೇಲೆ ನಿಂತು ಹುಟ್ಟು ಹಾಕುವವರ ಗದ್ದಲ. ಕತಾತಾದಲ್ಲಿ ನೀರಿನ ಮೇಲೆ ತೇಲಿದಂತಿರುವ ಪುಟ್ಟ ಗುಡಿ. ಸೂರ್ಯ ಬೆಟ್ಟದ ಹಿಂದೆ ಇಳಿಯುವಾಗ 1.4 ಕಿ.ಮೀ. ಉದ್ದದ ಬಿವಾ ಸೇತುವೆ ದಾಟಿದೆ. ಎರಡು ಭಾನುವಾರ ಹಿಡಿಯಿತು, ಆದರೆ ಸುತ್ತು ಪೂರ್ತಿಯಾಯಿತು.

ಕಿಟಕಿ ಮುಚ್ಚಿದ ಕೆರೆ

ಈ ಪ್ರವಾಸಗಳಲ್ಲಿ ಒಂದು ಪ್ರಶ್ನೆ ನನ್ನ ಬೆನ್ನು ಬಿಟ್ಟಿರಲಿಲ್ಲ. ನಾನು ಬೆಳೆದದ್ದು ವರ್ತೂರು ಕೆರೆಯ ಪಕ್ಕ. ನಮ್ಮ ಮನೆಯಲ್ಲಿ ಕೆರೆ ಎಂದರೆ ಕಿಟಕಿ ಮುಚ್ಚುವುದು. ಕಾಲೇಜಿಗೆ ಹೋಗುವಾಗ ಸ್ಕೂಟರ್ ಮೇಲೆ ನೊರೆ ಹಾರಿಬಂದು ಕೂತದ್ದಿದೆ. ಮೇಲಿನ ಬೆಳ್ಳಂದೂರು ಕೆರೆಗೆ 2015ರಲ್ಲಿ ಬೆಂಕಿಯೇ ಹತ್ತಿಕೊಂಡಿತ್ತು. ಇಲ್ಲಿ ನೋಡಿದರೆ ಕುಡಿಯುವ ನೀರಿನಲ್ಲೇ ಜನ ಈಜುತ್ತಿದ್ದಾರೆ. ‘ಇವರ ರಕ್ತದಲ್ಲೇ ಶಿಸ್ತು ಇದೆ, ನಮ್ಮ ಕೈಲಾಗಲ್ಲ’ ಎಂದು ಅಮ್ಮನ ಹತ್ತಿರ ಫೋನಿನಲ್ಲಿ ಹೇಳಿದ್ದೆ.

ಕುಸಾತ್ಸುವಿನಲ್ಲೇ ಇರುವ ಬಿವಾ ಸರೋವರ ವಸ್ತುಸಂಗ್ರಹಾಲಯಕ್ಕೆ ಒಂದು ಮಳೆಯ ಭಾನುವಾರ ಹೋದೆ. ಅಲ್ಲಿ ನನ್ನ ಆ ಮಾತು ಸುಳ್ಳಾಯಿತು. 1977ರ ಮೇ ತಿಂಗಳಲ್ಲಿ ಬಿವಾದ ನೀರೂ ಕೆಟ್ಟಿತ್ತು. ಪಾಚಿಯ ಒಂದು ಜಾತಿ ಮಿತಿಮೀರಿ ಬೆಳೆದು ನೀರು ಕೆಂಪು–ಕಂದಾಗಿ, ಮೀನಿನ ವಾಸನೆ ಹೊಡೆದಿತ್ತು. ಕಾರಣಗಳಲ್ಲಿ ಮುಖ್ಯವಾದದ್ದು ರಂಜಕ. ಮನೆಮನೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಡಿಟರ್ಜೆಂಟ್ ಪುಡಿಯಲ್ಲಿ ಅದು ಇತ್ತು. ಆಗ ಮುಂದೆ ಬಂದದ್ದು ಹೆಚ್ಚಾಗಿ ಗೃಹಿಣಿಯರು. ಡಿಟರ್ಜೆಂಟ್ ಬಿಟ್ಟು ಹಳೆಯ ಸೋಪಿನ ಪುಡಿಗೆ ಮರಳೋಣ ಎಂದು ಅಕ್ಕಪಕ್ಕದವರನ್ನು ಒಪ್ಪಿಸುತ್ತಾ ಹೋದರು. ಇದನ್ನೇ ‘ಸೋಪು ಚಳವಳಿ’ ಎನ್ನುತ್ತಾರೆ. 1979ರಲ್ಲಿ ಶಿಗಾ ಪ್ರಾಂತ್ಯ ರಂಜಕವಿರುವ ಡಿಟರ್ಜೆಂಟ್ ಮಾರಾಟ, ಬಳಕೆಗೆ ನಿಷೇಧ ಹೇರುವ ಕಾನೂನು ತಂದಿತು. 1980ರ ಜುಲೈ 1ರಿಂದ ಅದು ಜಾರಿಗೆ ಬಂತು. ಡಿಟರ್ಜೆಂಟ್ ಕಂಪನಿಗಳು ರಂಜಕವಿಲ್ಲದ ಪುಡಿ ತಯಾರಿಸಲೇಬೇಕಾಯಿತು. ಈಗ ಜುಲೈ 1 ‘ಬಿವಾ ಸರೋವರ ದಿನ’. ಆಸುಪಾಸಿನ ಜನ ದಡ ಗುಡಿಸುತ್ತಾರೆ. 1983ರಿಂದ ಶಿಗಾದ ಐದನೇ ತರಗತಿ ಮಕ್ಕಳು ‘ಉಮಿನೊಕೊ’ ಎಂಬ ಶಾಲಾ ಹಡಗಿನಲ್ಲಿ ಒಂದು ರಾತ್ರಿ ಕಳೆದು ಸರೋವರದ ನೀರನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ.

ಅಲ್ಲಿಗೆ ಎಲ್ಲವೂ ಸರಿಹೋಯಿತು ಎಂದಲ್ಲ. 1983ರಲ್ಲಿ ಹಸಿರು ಪಾಚಿಯ ಹೊಸ ಕಾಟ ಶುರುವಾಯಿತು. ಚಳಿಗಾಲದಲ್ಲಿ ಮೇಲ್ಪದರದ ನೀರು ತಣ್ಣಗಾಗಿ ಕೆಳಗಿಳಿದು ತಳಕ್ಕೆ ಆಮ್ಲಜನಕ ತಲುಪಿಸುವುದನ್ನು ಅಲ್ಲಿನವರು ‘ಸರೋವರದ ಉಸಿರಾಟ’ ಎನ್ನುತ್ತಾರೆ. 1979ರಿಂದ ಗಮನಿಸುತ್ತಾ ಬಂದದ್ದರಲ್ಲಿ ಮೊದಲ ಬಾರಿಗೆ 2019ರ ಚಳಿಗಾಲದಲ್ಲಿ ಆ ಉಸಿರಾಟ ಪೂರ್ತಿಯಾಗಲಿಲ್ಲ, ಮರುವರ್ಷವೂ ಆಗಲಿಲ್ಲ. ಚಳಿ ಸಾಲದಾಗಿತ್ತು. ಅಂದರೆ ಸೋಪು ಬದಲಿಸಿ ಗೆದ್ದವರು ಈಗ ಅದಕ್ಕಿಂತ ದೊಡ್ಡ ಲೆಕ್ಕದ ಮುಂದೆ ಕೂತಿದ್ದಾರೆ.

ಅವತ್ತು ಅಮ್ಮನಿಗೆ ಫೋನ್ ಮಾಡಿ, ‘ಇವರ ಕೆರೆನೂ ಕೆಟ್ಟಿತ್ತಂತೆ ಕಣಮ್ಮ. ಸರಿಮಾಡೋಕೆ ಶುರು ಮಾಡಿದ್ದು ನಿನ್ನಂಥೋರೇ’ ಎಂದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಮ್ದು ಬರೀ ಸೋಪಿಂದಾಗಿದ್ರೆ ನಾಳೇನೇ ಬಿಡ್ತಿದ್ದೆ. ಇಲ್ಲಿ ಕಕ್ಕಸಿನ ನೀರು, ಫ್ಯಾಕ್ಟರಿ ನೀರು ಎಲ್ಲಾ ಬರುತ್ತಲ್ಲೇ’ ಎಂದಳು. ಅವಳ ಮಾತೂ ನಿಜ. ಹಾಗೆಂದು ಕಿಟಕಿ ಮುಚ್ಚಿದರೆ ಮುಗಿಯಿತೇ ಎಂದು ನಾನೂ ಕೇಳಿದೆ. ಉತ್ತರ ಇಬ್ಬರಲ್ಲೂ ಇರಲಿಲ್ಲ.

ಹೋಗುವವರಿಗೆ ನಾಲ್ಕು ಮಾತು

ಕ್ಯೋಟೊದಿಂದ ಒತ್ಸುವಿಗೆ ರೈಲಿನಲ್ಲಿ ಹತ್ತೇ ನಿಮಿಷ. ಕ್ಯೋಟೊ ನೋಡಲು ಹೋದವರು ಒಂದು ದಿನವನ್ನು ಬಿವಾಗೆ ಇಡಿ. ಉತ್ತರ ಭಾಗಕ್ಕೆ ಹೋಗುವುದಾದರೆ ವಾಪಸ್ ರೈಲಿನ ಸಮಯ ಮೊದಲೇ ಬರೆದಿಟ್ಟುಕೊಳ್ಳಿ. ಸಸ್ಯಾಹಾರಿಗಳು ಬುತ್ತಿ ಒಯ್ಯುವುದು ಒಳ್ಳೆಯದು. ಅಂಗಡಿಯ ಅನ್ನದುಂಡೆಗಳಲ್ಲಿ ಉಪ್ಪು ಹಾಕಿದ ಉಮೆಬೋಶಿ ಇರುವುದು ನಮ್ಮ ಉಪ್ಪಿನಕಾಯಿ ಅನ್ನದಂತೆ ರುಚಿ. ಮೀನು ತಿನ್ನುವವರು ಧೈರ್ಯವಿದ್ದರೆ ಅನ್ನದಲ್ಲಿ ಹುದುಗಿಸಿದ ‘ಫುನಾಜುಶಿ’ ನೋಡಿ, ಸುಶಿಯ ಅಜ್ಜ ಅದು. ವಾಸನೆಗೆ ನಾನು ಜವಾಬ್ದಾರಳಲ್ಲ. ಸೈಕಲ್ ಸುತ್ತಿಗೆ ಹೊರಟರೆ ಹೆಲ್ಮೆಟ್, ದೀಪ, ಪವರ್ ಬ್ಯಾಂಕ್ ಇರಲಿ. ಕೋಟೆ ಇನ್ನೊಂದು ದಿನಕ್ಕಿರಲಿ.

ಜುಲೈ ಪರೀಕ್ಷೆಯ ವಿಷಯ ಹೇಳದಿದ್ದರೆ ಮೋಸವಾದೀತು. 180ಕ್ಕೆ 90 ಬೇಕಿತ್ತು, ನನಗೆ ಬಂದದ್ದು 87. ಒಪ್ಪಂದ ಮುಗಿಯಿತು, ಊರಿಗೆ ಬಂದೆ. ಕೆಲವು ವಾರ ಯಾರ ಫೋನೂ ಎತ್ತಲಿಲ್ಲ. ಆಮೇಲೆ ಒಂದು ದಿನ, ನಾಗಹರದಲ್ಲಿ ಸೈಕಲ್ ಬಿಟ್ಟು ಬಂದ ರಾತ್ರಿಯೂ ಹೀಗೇ ಅನ್ನಿಸಿತ್ತಲ್ಲ ಎಂದು ನೆನಪಾಗಿ, ಬೆಂಗಳೂರಿನ ಕೇಂದ್ರದಲ್ಲೇ ಡಿಸೆಂಬರ್ ಪರೀಕ್ಷೆಗೆ ಅರ್ಜಿ ಹಾಕಿದೆ. ಜನವರಿಯಲ್ಲಿ ಫಲಿತಾಂಶ ಬಂತು. 104. ಕೆಲಸ ಇನ್ನೂ ಸಿಕ್ಕಿಲ್ಲ, ಎರಡು ಸಂದರ್ಶನ ಮುಗಿದಿವೆ, ಮೂರನೆಯದು ಮುಂದಿನ ವಾರ.

ಭಾನುವಾರ ಬೆಳಿಗ್ಗೆ ಈಗ ವರ್ತೂರು ಕೆರೆಯ ಏರಿಯ ಮೇಲೆ ಸೈಕಲ್ ಹೊಡೆಯುತ್ತೇನೆ. ಕಳೆದ ವಾರ ಅಮ್ಮನೂ ನಡೆದುಕೊಂಡು ಜೊತೆಗೆ ಬಂದಿದ್ದಳು. ಮೂಗಿಗೆ ಸೆರಗು ಹಿಡಿದಿದ್ದಳು, ಆದರೂ ಕೋಡಿಯವರೆಗೂ ಬಂದಳು.